ಡಿ ಡ್ರೈವು ಎಲ್ಲಿಗೆ ಹೋಯಿತು?

ಹಳೆಯ ಸಾಮಾನಿನ ಮೇಲೆ ನಮ್ಮವರಿಗಿರುವ ಮಮತೆ ಎಲ್ಲರಿಗೂ ತಿಳಿದದ್ದೇ. ಹಿತ್ತಾಳೆಯ ತಂಬಿಗೆ ತಗ್ಗಿದರೆ ಬಡಿಸಿ ಸರಿಪಡಿಸಿಕೊಳ್ಳುತ್ತೇವೆಯೇ ಹೊರತು ಬಿಸಾಡುವುದಿಲ್ಲ. ಮನೆಯ ಕಂಪ್ಯೂಟರಿನ ವಿಷಯದಲ್ಲಿಯೂ ಹಾಗೆಯೇ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ರಕ್ಷಣಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ನಿಂತುಹೋದವು. ಅದರ ಮುಂದಿನ ವಿಂಡೋಸ್ 11 ಆದರೋ, ಟಿಪಿಎಂ 2.0 ಎಂಬ ರಕ್ಷಣಾ ಚಿಪ್ಪೂ ಹೊಸ ತಲೆಮಾರಿನ ಪ್ರೊಸೆಸರೂ ಇಲ್ಲದ ಯಂತ್ರವನ್ನು ಹೊಸಿಲ ಹೊರಗೇ ನಿಲ್ಲಿಸುತ್ತದೆ. ಯಂತ್ರ ಗಟ್ಟಿಯಾಗಿದೆ, ಪರದೆ ಚೆನ್ನಾಗಿದೆ, ಕೀಲಿಮಣೆ ಸವೆದಿಲ್ಲ. ಇಂಥದನ್ನು ರದ್ದಿಯವನ ತಕ್ಕಡಿಗೆ ಹಾಕಲು ಯಾವ ಸಂಸಾರಸ್ಥನಿಗೆ ಮನಸ್ಸು ಬಂದೀತು? ಹೀಗಾಗಿ ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿರುವ ನಮ್ಮ ಬಳಗದ ಅನೇಕರು ತಮ್ಮ ಹಳೆಯ ಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸನ್ನು ಹಾಕಿಸಿಕೊಂಡಿದ್ದಾರೆ. ಒಳ್ಳೆಯ ಕೆಲಸವೇ ಸರಿ.

ಆದರೆ ಈ ಯಂತ್ರಗಳ ಹೊಟ್ಟೆಯಲ್ಲಿ ಇರುವುದೇನೆಂಬುದನ್ನು ಒಮ್ಮೆ ನೆನೆಯೋಣ. ತಂದೆಯವರು ನಿವೃತ್ತರಾದ ಮೇಲೆ ಬರೆದಿಟ್ಟ ನೆನಪುಗಳು, ಮನೆತನದ ವಂಶಾವಳಿ, ತಾಯಿ ಹೇಳಿ ಬರೆಸಿದ ಅಡಿಗೆಯ ಅಳತೆಗಳು, ಮದುವೆ ಮುಂಜಿಗಳ ಆಮಂತ್ರಣದ ಪಟ್ಟಿ, ಸಂಘದ ಸದಸ್ಯರ ದಾಖಲೆ, ಕಾರ್ಯಕಾರಿ ಸಮಿತಿಯ ನಡವಳಿಕೆಗಳು, ಹಳೆಯ ಸಂಚಿಕೆಗಳ ಮೂಲ ಪ್ರತಿಗಳು. ಹೊರನಾಡಿನಲ್ಲಿರುವ ನಮಗೆ ಇವು ಕೇವಲ ಕಾಗದಪತ್ರಗಳಲ್ಲ. ಮುಂದಿನ ತಲೆಮಾರಿಗೆ ಕನ್ನಡದಲ್ಲಿ ಬಿಟ್ಟುಹೋಗಬಹುದಾದ ಸ್ವಲ್ಪವೇ ಆಸ್ತಿ. ಅವುಗಳಲ್ಲಿ ಬಹುಪಾಲು ವಿಂಡೋಸಿಗಾಗಿ ಸಿದ್ಧಪಡಿಸಿದ ಕನ್ನಡ ತಂತ್ರಾಂಶಗಳಲ್ಲಿ ಬೆರಳಚ್ಚಾದವು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಇವೆರಡೂ ಎಷ್ಟೋ ಮನೆಗಳಲ್ಲಿ ಮನೆಮಾತಾಗಿದ್ದವು. ಲಿನಕ್ಸಿಗೆ ಬಂದವರು ಆ ಹಳೆಯ ತಂತ್ರಾಂಶವನ್ನೇ ‘ವೈನ್’ ಎಂಬುದರ ಸಹಾಯದಿಂದ ನಡೆಸಲು ಹೊರಡುತ್ತಾರೆ. ತಂತ್ರಾಂಶ ತೆರೆದುಕೊಳ್ಳುತ್ತದೆ. ಫೈಲು ಮಾತ್ರ ಸಿಕ್ಕುವುದಿಲ್ಲ. ಎದೆ ಧಸಕ್ಕೆನ್ನುವುದು ಆಗಲೇ.

ನಮಗೆ ಪರಿಚಿತರಾದ ಹಿರಿಯರೊಬ್ಬರಿಗೆ ಹೀಗೆಯೇ ಆಯಿತು. ಎರಡು ವರ್ಷ ಕುಳಿತು ಬೆರಳಚ್ಚು ಮಾಡಿದ್ದ ಮನೆತನದ ವೃತ್ತಾಂತ ತೆರೆಯಲೊಲ್ಲದು. ಪಕ್ಕದ ಮನೆಯ ಹುಡುಗ ಬಂದು ನೋಡಿ, “ಅಜ್ಜಾ, ಇದರಲ್ಲಿ ಡಿ ಡ್ರೈವೇ ಇಲ್ಲ” ಎಂದ. “ಇಲ್ಲ ಅಂದರೆ ಏನಪ್ಪಾ? ಹೋದ ವಾರದ ತನಕ ಇತ್ತಲ್ಲ! ಗೋಡೆ ಇದ್ದ ಹಾಗೆ ಇದೆ, ಕೋಣೆ ಮಾತ್ರ ಹೋಯಿತು ಅನ್ನುತ್ತೀಯಲ್ಲ!” ಎಂದು ಅಜ್ಜನವರು ಗದರಿದರು. ವಿಚಾರಿಸಿ ನೋಡಿದರೆ ಇಬ್ಬರ ಮಾತೂ ನಿಜವೇ ಆಗಿತ್ತು. ಕೋಣೆ ಇದ್ದಲ್ಲೇ ಇತ್ತು. ಬಾಗಿಲ ಮೇಲಿನ ಹೆಸರಿನ ಹಲಗೆ ಮಾತ್ರ ಇರಲಿಲ್ಲ. ಈ ಹಲಗೆಯ ವಿಚಾರವನ್ನು ತಿಳಿದುಕೊಂಡರೆ ಅರ್ಧ ಗಾಬರಿ ತಪ್ಪುತ್ತದೆಯಾದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವ ಮನಸ್ಸಾಗಿದೆ.

ಅಕ್ಷರದ ಮನೆಗಳು

ವಿಂಡೋಸಿನಲ್ಲಿ ಡಿಸ್ಕುಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರದ ಹೆಸರು ಬಂದದ್ದು ಹಳೆಯ ಕಾಲದ ಪದ್ಧತಿಯಿಂದ. 1974ರಲ್ಲಿ ಗ್ಯಾರಿ ಕಿಲ್ಡಾಲ್ ಎಂಬವರು ರಚಿಸಿದ ಸಿಪಿ/ಎಂ ಎಂಬ ಕಾರ್ಯವ್ಯವಸ್ಥೆಯಲ್ಲಿ ಫ್ಲಾಪಿ ಡ್ರೈವುಗಳನ್ನು ಹೀಗೆ ಅಕ್ಷರದಿಂದ ಕರೆಯುತ್ತಿದ್ದರು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಡಾಸ್ ವ್ಯವಸ್ಥೆ ಇದೇ ರೂಢಿಯನ್ನು ಮುಂದುವರಿಸಿತು. ಎ ಮತ್ತು ಬಿ ಫ್ಲಾಪಿಗಳ ಪಾಲಾದವು. 1983ರಲ್ಲಿ ಪಿಸಿ ಎಕ್ಸ್‌ಟಿ ಎಂಬ ಮಾದರಿಯಲ್ಲಿ ಹಾರ್ಡ್ ಡಿಸ್ಕು ಬಂದಾಗ ಅದಕ್ಕೆ ಉಳಿದ ಅಕ್ಷರ ಸಿ. ಆ ಡಿಸ್ಕಿನ ಅಳತೆ ಬರಿಯ 10 ಮೆಗಾಬೈಟು. ಇಂದು ಫೋನಿನಲ್ಲಿ ತೆಗೆದ ಎರಡು ಮೂರು ಚಿತ್ರಗಳಿಗೆ ಅದು ತುಂಬಿಹೋಗುತ್ತದೆ. ಫ್ಲಾಪಿಗಳು ಕಣ್ಮರೆಯಾಗಿ ಎಷ್ಟೋ ಕಾಲವಾಯಿತು. ಆದರೂ ಹಿರಿಯಣ್ಣಂದಿರು ತೀರಿಹೋದ ಮೇಲೂ ಮೂರನೆಯವನನ್ನು ಮೂರನೆಯವನೆಂದೇ ಕರೆಯುವಂತೆ ಸಿ ಇಂದಿಗೂ ಸಿ ಆಗಿಯೇ ಉಳಿದಿದೆ.

ನಮ್ಮ ದೇಶದ ಅಂಗಡಿಗಳಲ್ಲಿ ಇನ್ನೊಂದು ವಾಡಿಕೆಯಿತ್ತು. ಕಂಪ್ಯೂಟರು ಕೊಡುವಾಗ ಒಂದೇ ಡಿಸ್ಕನ್ನು ಅಣ್ಣತಮ್ಮಂದಿರ ಆಸ್ತಿಯಂತೆ ಸಿ, ಡಿ, ಇ ಎಂದು ಪಾಲು ಮಾಡಿಕೊಡುತ್ತಿದ್ದರು. “ಸಿ ಹಾಳಾದರೆ ಅಳಿಸಿ ಹೊಸದಾಗಿ ಹಾಕುತ್ತೇವೆ, ನಿಮ್ಮದನ್ನು ಡಿಯಲ್ಲಿ ಇಟ್ಟುಕೊಳ್ಳಿ” ಎಂಬ ಉಪದೇಶವೂ ಜೊತೆಗೆ ಬರುತ್ತಿತ್ತು. ಅದನ್ನು ಶ್ರದ್ಧೆಯಿಂದ ಪಾಲಿಸಿದವರ ಮನೆಯ ಬರವಣಿಗೆಯೆಲ್ಲ ಡಿಯಲ್ಲಿ ಕುಳಿತಿದೆ.

ಒಂದೇ ಹೆಬ್ಬಾಗಿಲು

ಲಿನಕ್ಸಿನ ಮನೆ ಬೇರೆ ರೀತಿಯದು. 1969ರಲ್ಲಿ ಅಮೇರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ವ್ಯವಸ್ಥೆಗೆ ಅಡಿಪಾಯ ಹಾಕಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಆ ಮಾದರಿಯನ್ನೇ ಅನುಸರಿಸಿತು. ಇದರಲ್ಲಿ ಅಕ್ಷರದ ಬೇರೆ ಬೇರೆ ಮನೆಗಳಿಲ್ಲ. ನಮ್ಮ ಊರಿನ ದೊಡ್ಡ ತೊಟ್ಟಿಮನೆಯಂತೆ ಇರುವುದೊಂದೇ ಹೆಬ್ಬಾಗಿಲು. ಅದರ ಗುರುತು ‘/’ ಎಂಬ ಒಂದು ಓರೆಗೆರೆ. ಎಲ್ಲವೂ ಅದರ ಒಳಗಿನ ಕೋಣೆಗಳು. ನಮ್ಮ ಸ್ವಂತ ಫೈಲುಗಳಿರುವ ಕೋಣೆ ‘ಹೋಂ’ ಎಂಬ ಅಂಕಣದಲ್ಲಿ ನಮ್ಮ ಹೆಸರಿನಲ್ಲಿ ಇರುತ್ತದೆ. ಹೊರಗಿನಿಂದ ಪೆನ್‌ಡ್ರೈವ್ ಬಂದರೆ ಅದು ಬೇರೆ ಮನೆ ಹೂಡುವುದಿಲ್ಲ. ಬಂದ ನೆಂಟನಿಗೆ ಒಂದು ಕೋಣೆ ಬಿಟ್ಟುಕೊಡುವಂತೆ ಅದನ್ನು ‘ಮೀಡಿಯಾ’ ಎಂಬಲ್ಲಿ ಒಂದು ಫೋಲ್ಡರಿಗೆ ಜೋಡಿಸುತ್ತಾರೆ. ಈ ಜೋಡಣೆಗೆ ‘ಮೌಂಟ್’ ಮಾಡುವುದೆಂದು ಹೆಸರು. ಉಬುಂಟು, ಮಿಂಟ್ ಎಂಬ ಲಿನಕ್ಸುಗಳಲ್ಲಿ ಆ ಜಾಗ ‘/ಮೀಡಿಯಾ’ದ ಕೆಳಗೆ, ಫೆಡೋರಾದಲ್ಲಿ ‘/ರನ್/ಮೀಡಿಯಾ’ದ ಕೆಳಗೆ. ಯಂತ್ರದ ಮೇಲೆ ಈ ಹೆಸರುಗಳೆಲ್ಲ ಇಂಗ್ಲಿಷು ಅಕ್ಷರಗಳಲ್ಲಿ ಕಾಣುವುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಚಿಕ್ಕ ವ್ಯತ್ಯಾಸವಿದೆ. ವಿಂಡೋಸಿನಲ್ಲಿ ಫೋಲ್ಡರುಗಳ ನಡುವಿನ ಗೆರೆ ಹಿಂದಕ್ಕೆ ವಾಲಿರುತ್ತದೆ, ಅಂದರೆ ‘\’. ಡಾಸಿನಲ್ಲಿ ಮುಂದಕ್ಕೆ ವಾಲಿದ ಗೆರೆಯನ್ನು ಆಗಲೇ ಆಜ್ಞೆಗಳ ಬೇರೊಂದು ಕೆಲಸಕ್ಕೆ ಬಳಸಿಕೊಂಡಿದ್ದರಿಂದ, 1983ರ ಎರಡನೆಯ ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಹಿಂದಕ್ಕೆ ವಾಲಿದ್ದನ್ನು ಆರಿಸಿಕೊಳ್ಳಬೇಕಾಯಿತು. ವಿಳಾಸ ಬರೆಯುವಾಗ ಗೆರೆ ಯಾವ ಕಡೆ ವಾಲಿದೆಯೆಂದು ನೋಡಿದರೆ ಅದು ಯಾವ ಮನೆಯ ವಿಳಾಸವೆಂದು ಕೂಡಲೇ ಗೊತ್ತಾಗುತ್ತದೆ.

ವೈನ್ ಎಂಬ ದುಭಾಷಿ

ಹೆಸರು ಕೇಳಿ ಮನೆಯ ಹಿರಿಯರು ಹುಬ್ಬೇರಿಸಬೇಕಾದ ಕಾರಣವಿಲ್ಲ. ಇದು ಸೀಸೆಯಲ್ಲಿ ಬರುವ ಪದಾರ್ಥವಲ್ಲ. ‘ವೈನ್ ಅನುಕರಣಯಂತ್ರವಲ್ಲ’ ಎಂಬರ್ಥದ ಇಂಗ್ಲಿಷು ವಾಕ್ಯದ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಹಾಸ್ಯದ ಹೆಸರು. 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಇದನ್ನು ಆರಂಭಿಸಿದರು. 1994ರಿಂದ ಅಲೆಕ್ಸಾಂಡ್ರ ಜೂಲಿಯಾರ್ ಇದರ ಮುಂದಾಳು. ಹದಿನೈದು ವರ್ಷಗಳ ಕೆಲಸದ ಅನಂತರ 2008ರಲ್ಲಿ ಇದರ 1.0 ಆವೃತ್ತಿ ಹೊರಬಿತ್ತು.

ವೈನ್ ಮಾಡುವುದು ದುಭಾಷಿಯ ಕೆಲಸ. ವಿಂಡೋಸ್ ತಂತ್ರಾಂಶ ತನ್ನ ಭಾಷೆಯಲ್ಲಿ “ಫೈಲು ತೆರೆ” ಎನ್ನುತ್ತದೆ. ವೈನ್ ಆ ಮಾತನ್ನು ಲಿನಕ್ಸಿಗೆ ತಿಳಿಯುವಂತೆ ಹೇಳಿ ಫೈಲನ್ನು ತರಿಸಿಕೊಡುತ್ತದೆ. ತೊಂದರೆ ಹುಟ್ಟುವುದು ವಿಳಾಸದಲ್ಲಿ. ತಂತ್ರಾಂಶ ಕೇಳುವುದು “ಡಿ ಮನೆಯಲ್ಲಿರುವ ಫೈಲು” ಎಂದು. ಲಿನಕ್ಸಿನಲ್ಲಿ ಅಂಥ ಮನೆಯೇ ಇಲ್ಲ. ಆದುದರಿಂದ ವೈನ್ ತೊಟ್ಟಿಮನೆಯ ಕೆಲವು ಕೋಣೆಗಳ ಬಾಗಿಲಿಗೆ ‘ಸಿ’, ‘ಡಿ’ ಎಂದು ಹಲಗೆ ತೂಗುಹಾಕುತ್ತದೆ. ಹಲಗೆ ಇದ್ದರೆ ಕೋಣೆ ಸಿಕ್ಕಿತು. ಇಲ್ಲದಿದ್ದರೆ, ಕೋಣೆ ಎದುರಿಗೇ ಇದ್ದರೂ ತಂತ್ರಾಂಶದ ಪಾಲಿಗೆ ಅದು ಇಲ್ಲವೇ ಇಲ್ಲ. ಡ್ರೈವುಗಳ ಹೊಂದಾಣಿಕೆ, ಅಂದರೆ ‘ಡ್ರೈವ್ ಮ್ಯಾಪಿಂಗ್’ ಎಂದು ತಿಳಿದವರು ಹೇಳುವುದು ಇಷ್ಟೇ.

ಸಿ ಎಲ್ಲಿದೆ? ಝಡ್ ಎಂದರೇನು?

ವೈನನ್ನು ಹಾಕಿ ಮೊದಲ ಸಲ ನಡೆಸಿದಾಗ ಅದು ಮುಖ್ಯವಾಗಿ ಎರಡು ಹಲಗೆಗಳನ್ನು ತೂಗುಹಾಕುತ್ತದೆ. ಒಂದು ಸಿ, ಇನ್ನೊಂದು ಝಡ್.

ಸಿ ಎಂದು ತಂತ್ರಾಂಶ ತೋರಿಸುವುದು ಹಳೆಯ ವಿಂಡೋಸಿನ ಸಿ ಅಲ್ಲ. ನಮ್ಮ ಹೋಂ ಫೋಲ್ಡರಿನೊಳಗೆ ‘.ವೈನ್’ ಎಂಬ ಫೋಲ್ಡರು, ಅದರೊಳಗೆ ‘ಡ್ರೈವ್_ಸಿ’ ಎಂಬ ಫೋಲ್ಡರು. ಇದೇ ಹೊಸ ಸಿ. ಹೆಸರಿನ ಮುಂದಿರುವ ಚುಕ್ಕೆಯನ್ನು ಗಮನಿಸಬೇಕು. ಚುಕ್ಕೆಯಿಂದ ಆರಂಭವಾಗುವ ಫೋಲ್ಡರುಗಳನ್ನು ಲಿನಕ್ಸ್ ಮರೆಯಲ್ಲಿಡುತ್ತದೆ. ತಂತ್ರಾಂಶದಲ್ಲಿ ಬರೆದು ಸಿಯಲ್ಲಿ ಉಳಿಸಿದ ಲೇಖನವನ್ನು ಆಮೇಲೆ ಎಲ್ಲಿ ಹುಡುಕಿದರೂ ಸಿಕ್ಕದಿರಲು ಇದೇ ಕಾರಣ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ. ಫೈಲುಗಳನ್ನು ತೋರಿಸುವ ಕಿಟಕಿಯಲ್ಲಿ ಕಂಟ್ರೋಲ್ ಕೀಲಿಯನ್ನೊತ್ತಿ ಹೆಚ್ ಒತ್ತಿದರೆ ಸಾಮಾನ್ಯವಾಗಿ ಮರೆಯಲ್ಲಿರುವ ಫೋಲ್ಡರುಗಳು ಕಾಣಿಸಿಕೊಳ್ಳುತ್ತವೆ. ಮತ್ತೆ ಹಾಗೆಯೇ ಒತ್ತಿದರೆ ಮರೆಗೆ ಸರಿಯುತ್ತವೆ.

ತಂತ್ರಾಂಶದಲ್ಲಿ ‘ಮೈ ಡಾಕ್ಯುಮೆಂಟ್ಸ್’ ಎಂಬಲ್ಲಿ ಉಳಿಸಿದವರಿಗೆ ಇಷ್ಟು ಕಷ್ಟವಿಲ್ಲ. ವೈನ್ ಸಾಮಾನ್ಯವಾಗಿ ಅದನ್ನು ನಮ್ಮ ಹೋಂನಲ್ಲಿರುವ ‘ಡಾಕ್ಯುಮೆಂಟ್ಸ್’ ಫೋಲ್ಡರಿಗೇ ಜೋಡಿಸಿರುತ್ತದೆ. ಅಲ್ಲಿ ನೋಡಿದರೆ ಫೈಲು ಕಣ್ಣೆದುರಿಗೇ ಇರುತ್ತದೆ.

ಝಡ್ ಎಂಬುದು ತೊಟ್ಟಿಮನೆಯ ಹೆಬ್ಬಾಗಿಲಿಗೇ ತೂಗುಹಾಕಿದ ಹಲಗೆ. ತಂತ್ರಾಂಶದಲ್ಲಿ ಝಡ್ ತೆರೆದರೆ ‘ಹೋಂ’, ‘ಮೀಡಿಯಾ’ ಎಲ್ಲವೂ ಕಾಣುತ್ತವೆ. ಆದುದರಿಂದ ಒಂದೇ ಫೈಲಿಗೆ ಎರಡು ಮೂರು ವಿಳಾಸಗಳಿರಬಹುದು. ಊರಿನಲ್ಲಿ ‘ಕೆಳಗಿನ ಮನೆ ಶೀನ’ ಎನಿಸಿಕೊಂಡವನೇ ಮುಂಬಯಿಯ ಕಚೇರಿಯಲ್ಲಿ ‘ರಾವ್ ಸಾಹೇಬ’ನಾಗಿ ಕುಳಿತಿಲ್ಲವೇ? ವ್ಯಕ್ತಿ ಒಬ್ಬನೇ. ಎರಡು ಕಡೆ ಕಂಡಿತೆಂದು ಒಂದನ್ನು ‘ಹೆಚ್ಚುವರಿ ಪ್ರತಿ’ಯೆಂದು ಭಾವಿಸಿ ಅಳಿಸಿದರೆ ಇದ್ದ ಒಂದೇ ಪ್ರತಿಯೂ ಹೋಗುತ್ತದೆ. ಈ ಒಂದು ಮಾತನ್ನು ಮನೆಯ ಮಕ್ಕಳಿಗೂ ಹೇಳಿಡುವುದು ಒಳ್ಳೆಯದು.

ಡಿಯನ್ನು ಕರೆತರುವ ಬಗೆ

ಈಗ ಅಜ್ಜನವರ ಡಿಯ ವಿಚಾರಕ್ಕೆ ಬರೋಣ. ಮೊದಲು ತಿಳಿಯಬೇಕಾದದ್ದು, ಲಿನಕ್ಸ್ ಹಾಕುವಾಗ ಡಿಸ್ಕನ್ನೆಲ್ಲ ಅಳಿಸಿ ಹಾಕಿದರೋ, ಸಿಯ ಪಾಲನ್ನು ಮಾತ್ರ ಬಳಸಿಕೊಂಡರೋ ಎಂಬುದು. ‘ಇಡೀ ಡಿಸ್ಕನ್ನು ಅಳಿಸು’ ಎಂಬ ಆಯ್ಕೆಯನ್ನು ಒತ್ತಿದ್ದರೆ ಡಿಯ ಪಾಲೂ ಅದರೊಡನೆ ಹೋಯಿತು. ಅದಕ್ಕೇ, ಲಿನಕ್ಸ್ ಹಾಕಿಸುವ ಮುಂಚೆಯೇ ಡಿಯಲ್ಲಿರುವುದನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ಅನಂತರವೇ ಮುಂದುವರಿಯಬೇಕು. ಈ ಒಂದು ಸಂಜೆಯ ಕೆಲಸಕ್ಕೆ ಬದಲಾಗಿ ನಿಲ್ಲುವ ಉಪಾಯ ಬೇರೊಂದಿಲ್ಲ.

ಅಜ್ಜನವರ ಅದೃಷ್ಟಕ್ಕೆ ಅವರ ಮಗ ಡಿಯನ್ನು ಮುಟ್ಟಿರಲಿಲ್ಲ. ಫೈಲುಗಳ ಕಿಟಕಿಯ ಎಡಬದಿಯಲ್ಲಿ ಅದು ಒಂದು ಡಿಸ್ಕಿನ ಚಿತ್ರವಾಗಿ ಕಾಣುತ್ತಿತ್ತು. ಅದರ ಮೇಲೆ ಒತ್ತಿದೊಡನೆ ಲಿನಕ್ಸ್ ಅದನ್ನು ‘ಮೀಡಿಯಾ’ದಲ್ಲಿ ಮೌಂಟ್ ಮಾಡಿತು; ಫೈಲುಗಳೆಲ್ಲ ಇದ್ದವು. ತಂತ್ರಾಂಶಕ್ಕೆ ಅದನ್ನು ಡಿ ಎಂದು ಪರಿಚಯ ಮಾಡಿಕೊಡುವುದಷ್ಟೇ ಉಳಿದಿತ್ತು. ಅದರ ಕ್ರಮ ಹೀಗೆ:

ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು, ಡಬ್ಲ್ಯು-ಐ-ಎನ್-ಇ ಎಂಬ ನಾಲ್ಕು ಅಕ್ಷರಗಳಿಗೆ ಸಿ-ಎಫ್-ಜಿ ಎಂಬ ಮೂರನ್ನು ನಡುವೆ ಜಾಗ ಬಿಡದೆ ಸೇರಿಸಿ ಎಂಟರ್ ಒತ್ತಬೇಕು. ವೈನಿನ ವ್ಯವಸ್ಥೆಯ ಪುಟ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಡ್ರೈವ್ಸ್’ ಎಂಬ ಹಾಳೆಯಲ್ಲಿ ಈಗಿರುವ ಹಲಗೆಗಳ ಪಟ್ಟಿಯಿದೆ. ‘ಆಡ್’ ಒತ್ತಿ ಡಿ ಎಂಬ ಅಕ್ಷರವನ್ನು ಆರಿಸಬೇಕು. ಕೆಳಗೆ ‘ಪಾತ್’ ಎಂಬಲ್ಲಿ ಆ ಫೋಲ್ಡರಿನ ಲಿನಕ್ಸ್ ವಿಳಾಸವನ್ನು ಕೊಡಬೇಕು. ‘ಬ್ರೌಸ್’ ಒತ್ತಿ ಹುಡುಕಿ ಆರಿಸಿದರೂ ಆದೀತು. ‘ಅಪ್ಲೈ’ ಒತ್ತಿ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆದರೆ ಡಿ ಪ್ರತ್ಯಕ್ಷವಾಗುತ್ತದೆ. ಅಜ್ಜನವರ ವೃತ್ತಾಂತದ ಮೊದಲ ಪುಟ ಪರದೆಯ ಮೇಲೆ ಮೂಡಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹುಡುಗನಿಗೆ ಆ ಸಂಜೆ ಕೋಡುಬಳೆ ದೊರೆಯಿತು.

ಇಲ್ಲಿ ಒಂದು ಯುಕ್ತಿ ಉಂಟು. ಹಳೆಯ ವಿಂಡೋಸಿನಲ್ಲಿ ಯಾವ ಅಕ್ಷರ ಇತ್ತೋ ಅದೇ ಅಕ್ಷರವನ್ನು ಕೊಡಬೇಕು. ಹಳೆಯ ತಂತ್ರಾಂಶಗಳು ತಮ್ಮ ಟಿಪ್ಪಣಿಯಲ್ಲಿ ‘ಡಿ:\ಸಂಘ\ಸದಸ್ಯರು’ ಎಂದು ಪೂರ್ತಿ ವಿಳಾಸವನ್ನು ಬರೆದಿಟ್ಟುಕೊಂಡಿರುತ್ತವೆ. ಒಂದು ಫೈಲು ಇನ್ನೊಂದನ್ನು ಅದೇ ವಿಳಾಸದಿಂದ ಕರೆಯುತ್ತದೆ. ಅಕ್ಷರವೂ ಒಳಗಿನ ಫೋಲ್ಡರುಗಳ ಹೆಸರೂ ಹಾಗೆಯೇ ಉಳಿದರೆ ತಂತ್ರಾಂಶಕ್ಕೆ ಮನೆ ಬದಲಾದದ್ದೇ ತಿಳಿಯುವುದಿಲ್ಲ.

ಇದಕ್ಕಿಂತಲೂ ಉತ್ತಮವಾದದ್ದು, ಹಳೆಯ ಡಿಯಲ್ಲಿದ್ದುದನ್ನೆಲ್ಲ ಹೋಂನಲ್ಲಿ ಒಂದು ಸಾಧಾರಣ ಫೋಲ್ಡರಿಗೆ ನಕಲು ಮಾಡಿ, ಆ ಫೋಲ್ಡರಿಗೇ ಡಿ ಎಂಬ ಹಲಗೆ ಹಾಕುವುದು. ಹೋಂ ಯಾವಾಗಲೂ ತೆರೆದೇ ಇರುತ್ತದೆ. ಮೌಂಟ್ ಮಾಡುವ ತಂಟೆಯಿಲ್ಲ. ಹಾಗೆ ಮಾಡದೆ ಹಳೆಯ ಪಾಲನ್ನೇ ಬಳಸುವುದಾದರೆ, ಪ್ರತಿ ಸಲ ಯಂತ್ರ ಹಚ್ಚಿದಾಗ ಅದನ್ನು ಒಮ್ಮೆ ಒತ್ತಿ ಮೌಂಟ್ ಮಾಡಬೇಕು, ಇಲ್ಲವೇ ತಾನಾಗಿಯೇ ಮೌಂಟ್ ಆಗುವಂತೆ ‘ಡಿಸ್ಕ್ಸ್’ ಎಂಬ ಸಾಧನದಲ್ಲಿ ಏರ್ಪಾಡು ಮಾಡಬೇಕು. “ನಿನ್ನೆ ಬಂದ ಡಿ ಇವತ್ತು ಮತ್ತೆ ಹೋಯಿತು” ಎಂಬ ದೂರಿಗೆ ಕಾರಣ ಬಹುಮಟ್ಟಿಗೆ ಇದೇ.

ಇನ್ನು ಕೆಲವು ತೊಡಕುಗಳು

ಪೆನ್‌ಡ್ರೈವಿನ ಚಂಚಲತೆ: ಪೆನ್‌ಡ್ರೈವ್ ಚುಚ್ಚಿದಾಗ ವೈನ್ ತಾನಾಗಿಯೇ ಒಂದು ಅಕ್ಷರ ಕೊಡುವುದುಂಟು. ಆದರೆ ಅದು ಆ ಹೊತ್ತಿಗೆ ಖಾಲಿಯಿರುವ ಅಕ್ಷರ. ಇಂದು ಇ ಆದದ್ದು ನಾಳೆ ಎಫ್ ಆದೀತು. ಒಂದೇ ಹೆಸರಿನ ಎರಡು ಪೆನ್‌ಡ್ರೈವುಗಳನ್ನು ಒಟ್ಟಿಗೆ ಚುಚ್ಚಿದರೆ ಲಿನಕ್ಸ್ ಎರಡನೆಯದರ ಫೋಲ್ಡರಿಗೆ ಒಂದು ಅಂಕೆ ಸೇರಿಸುತ್ತದೆ. ಆಗ ನಾವು ಹಾಕಿದ ಹಲಗೆ ತಪ್ಪು ಬಾಗಿಲಿನಲ್ಲಿ ತೂಗುತ್ತದೆ. ಪ್ರತಿ ಪೆನ್‌ಡ್ರೈವಿಗೂ ಬೇರೆ ಹೆಸರಿಡುವುದೂ, ಅದರಿಂದ ಹೋಂಗೆ ನಕಲು ಮಾಡಿಕೊಂಡು ಕೆಲಸ ಮಾಡುವುದೂ ಕ್ಷೇಮ.

ಓದಬಹುದು, ಬರೆಯಲಾಗದು: ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಈ ತೊಂದರೆ ಬರುತ್ತದೆ. ಬೇಗ ಏಳಬೇಕೆಂದು ವಿಂಡೋಸ್ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿನಿಂದ ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುತ್ತದೆ. ಆಗ ಅದರ ಡಿಸ್ಕಿನ ಪಾಲುಗಳನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಅಥವಾ ತೆರೆಯಲು ನಿರಾಕರಿಸುತ್ತದೆ. ಮಲಗಿದವನ ತಲೆದಿಂಬನ್ನು ಎಳೆಯಬಾರದೆಂಬ ಎಚ್ಚರಿಕೆಯೇ ಇದು. ವಿಂಡೋಸಿನಲ್ಲಿ ಆ ಏರ್ಪಾಡನ್ನು ತೆಗೆದು ಪೂರ್ತಿಯಾಗಿ ಮುಚ್ಚಿದರೆ ಸರಿಹೋಗುತ್ತದೆ. ಬಲವಂತದಿಂದ ತೆರೆಯುವ ಆಜ್ಞೆಗಳಿಗೆ ಕೈಹಾಕುವುದು ಬೇಡ.

ಹೆಸರಿನ ಗೊಂದಲ: ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆಬೇರೆಯಾಗಿ ಎಣಿಸುತ್ತದೆ, ವಿಂಡೋಸ್ ಒಂದೇ ಎಂದು ಎಣಿಸುತ್ತದೆ. ಲಿನಕ್ಸಿನಲ್ಲಿ ಒಂದೇ ಫೋಲ್ಡರಿನಲ್ಲಿ ಅಂಥ ಎರಡು ಫೈಲುಗಳಿದ್ದರೆ ವಿಂಡೋಸ್ ತಂತ್ರಾಂಶ ಯಾವುದನ್ನು ಎತ್ತಿಕೊಳ್ಳುವುದೋ ಹೇಳಬರುವುದಿಲ್ಲ. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಎರಡು ಚುಕ್ಕೆಯ ವಿವರಣಚಿಹ್ನೆ ಇವೆಲ್ಲ ಲಿನಕ್ಸಿಗೆ ಒಪ್ಪಿಗೆ, ವಿಂಡೋಸಿಗೆ ನಿಷಿದ್ಧ. ಫೋಲ್ಡರಿನೊಳಗೆ ಫೋಲ್ಡರಿಟ್ಟು ವಿಳಾಸ ಬಹಳ ಉದ್ದವಾದರೂ ಹಳೆಯ ತಂತ್ರಾಂಶಗಳಿಗೆ ಆಗದು. ಅವುಗಳ ಮಿತಿ 260 ಅಕ್ಷರಗಳು. ಝಡ್‌ನಿಂದ ಬಳಸಿಕೊಂಡು ಹೋಗುವ ವಿಳಾಸಕ್ಕಿಂತ, ನೇರವಾಗಿ ಡಿ ಎಂದು ಹಲಗೆ ಹಾಕಿದರೆ ವಿಳಾಸ ಚಿಕ್ಕದಾಗುವ ಲಾಭವೂ ಇದೆ.

ಸಿಡಿ ಕೇಳುವ ತಂತ್ರಾಂಶ: ಹಳೆಯ ನಿಘಂಟು, ಮಕ್ಕಳ ಪಾಠಗಳ ಕೆಲವು ಸಿಡಿಗಳು “ಸಿಡಿಯನ್ನು ಹಾಕಿ” ಎಂದು ಹಟ ಹಿಡಿಯುತ್ತವೆ. ಡ್ರೈವ್ಸ್ ಹಾಳೆಯಲ್ಲಿಯೇ ‘ಅಡ್ವಾನ್ಸ್ಡ್’ ತೆರೆದರೆ ಆ ಅಕ್ಷರ ಹಾರ್ಡ್ ಡಿಸ್ಕೋ, ನೆಟ್‌ವರ್ಕೋ, ಸಿಡಿಯೋ ಎಂದು ಹೇಳುವ ಅವಕಾಶವಿದೆ. ಸಿಡಿ ಮೌಂಟ್ ಆಗಿರುವ ಫೋಲ್ಡರಿಗೆ ಹಲಗೆ ಹಾಕಿ ‘ಸಿಡಿ’ ಎಂದು ಆರಿಸಿದರೆ ಅನೇಕ ಸಲ ಹಟ ಬಿಡುತ್ತವೆ.

ನೆಟ್‌ವರ್ಕಿನ ಡ್ರೈವು: ಸಂಘದ ಕಾರ್ಯಾಲಯದಲ್ಲಿ ಒಂದು ಯಂತ್ರದ ಫೋಲ್ಡರನ್ನು ಎಲ್ಲರೂ ಬಳಸುವುದುಂಟು. ಅದನ್ನು ಲಿನಕ್ಸಿನ ಫೈಲು ಕಿಟಕಿಯಲ್ಲಿ ತೆರೆದದ್ದು ನಮಗೆ ಕಂಡರೂ ಅದು ತಾತ್ಕಾಲಿಕ ನೋಟ. ವೈನಿಗೆ ನೆಚ್ಚಿಕೊಳ್ಳುವ ಜಾಗವಲ್ಲ. ತಿಳಿದವರಿಂದ ಅದನ್ನು ‘/ಎಂಎನ್‌ಟಿ’ ಎಂಬಲ್ಲಿ ಶಾಶ್ವತವಾಗಿ ಮೌಂಟ್ ಮಾಡಿಸಿ, ಆ ಫೋಲ್ಡರಿಗೆ ಅಕ್ಷರ ಕೊಡಬೇಕು.

ಬೇರೆ ಬೇರೆ ಸೀಸೆಗಳು: ‘ಬಾಟಲ್ಸ್’ ಎಂಬ ಸಾಧನದಿಂದ ವೈನನ್ನು ನಡೆಸುವವರಿದ್ದಾರೆ. ಅಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ಬೇರೆ ಸೀಸೆ ಮಾಡಿಕೊಳ್ಳಬಹುದು. ಪ್ರತಿ ಸೀಸೆಗೂ ಬೇರೆ ಸಿ, ಬೇರೆ ಹಲಗೆಗಳು. ಒಂದರಲ್ಲಿ ಡಿ ಹಾಕಿದರೆ ಇನ್ನೊಂದರಲ್ಲಿ ಬರುವುದಿಲ್ಲ. ಅದನ್ನು ‘ಫ್ಲಾಟ್‌ಪ್ಯಾಕ್’ ರೂಪದಲ್ಲಿ ಹಾಕಿದ್ದರೆ ಹೋಂನ ಫೋಲ್ಡರುಗಳನ್ನು ನೋಡಲು ಪ್ರತ್ಯೇಕ ಅನುಮತಿ ಬೇಕು. ಹಲಗೆ ಸರಿಯಿದ್ದೂ ಕೋಣೆ ತೆರೆಯದಿದ್ದರೆ ಈ ಅನುಮತಿಯನ್ನು ನೋಡಬೇಕು.

ಅಳಿಸುವ ಮುನ್ನ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ವೈನ್ ತಂಟೆ ಮಾಡಿದಾಗ “ಆ .ವೈನ್ ಫೋಲ್ಡರನ್ನೇ ಅಳಿಸಿಬಿಡಿ, ಹೊಸದಾಗಿ ಹುಟ್ಟಿಕೊಳ್ಳುತ್ತದೆ” ಎಂದು ಸಲಹೆ ಕೊಡುವವರು ಬಹಳ. ಸಲಹೆಯೇನೋ ತಪ್ಪಲ್ಲ, ಹೊಸದು ಹುಟ್ಟಿಕೊಳ್ಳುತ್ತದೆ. ಆದರೆ ಹಳೆಯದರ ಸಿಯಲ್ಲಿ ಉಳಿಸಿದ್ದ ಫೈಲುಗಳೆಲ್ಲ ಅದರೊಡನೆ ಹೋಗುತ್ತವೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಆ ಫೋಲ್ಡರಿನ ಮೇಲೆ ಕೈಯಿಡುವ ಮುನ್ನ ‘ಡ್ರೈವ್_ಸಿ’ಯ ಒಳಹೊಕ್ಕು ನಮ್ಮದೇನಾದರೂ ಇದೆಯೇ ಎಂದು ಮೂಲೆಮೂಲೆ ನೋಡಬೇಕು. ಬೇಕಾದರೆ ಅಳಿಸುವುದರ ಬದಲು ಅದರ ಹೆಸರನ್ನು ಬದಲಿಸಿದರೆ ಸಾಕು. ವೈನ್ ಹೊಸದನ್ನು ಮಾಡಿಕೊಳ್ಳುತ್ತದೆ, ಹಳೆಯದೂ ಉಳಿಯುತ್ತದೆ. ವೈನನ್ನು ಯಂತ್ರದಿಂದ ತೆಗೆದುಹಾಕಿದರೂ ಆ ಫೋಲ್ಡರು ತಾನಾಗಿ ಅಳಿಯುವುದಿಲ್ಲವೆಂಬುದು ಸಮಾಧಾನದ ಸಂಗತಿ. ಹಾಗೆ ತೆಗೆದವರು ಇಂದೇ ಹುಡುಕಿ ನೋಡಬಹುದು.

ಡಿಯ ಹಲಗೆ ಹಾಕಿಕೊಂಡವರಿಗೆ ಈ ಭಯವಿಲ್ಲ. ವೈನ್ ಈ ಹಲಗೆಗಳನ್ನು ‘.ವೈನ್’ ಒಳಗಿನ ‘ಡಾಸ್‌ಡಿವೈಸಸ್’ ಎಂಬ ಫೋಲ್ಡರಿನಲ್ಲಿ ಕೊಂಡಿಗಳಾಗಿ ಇಡುತ್ತದೆ. ‘.ವೈನ್’ ಅಳಿಸಿದರೆ ಕೊಂಡಿ ಮಾತ್ರ ಹೋಗುತ್ತದೆ. ಕೊಂಡಿ ತೋರಿಸುತ್ತಿದ್ದ ಹೋಂನ ಫೋಲ್ಡರು ಹಾಗೆಯೇ ಇರುತ್ತದೆ. ಹಲಗೆ ಕಿತ್ತರೆ ಕೋಣೆ ಬೀಳುವುದಿಲ್ಲವಷ್ಟೆ. ಆದುದರಿಂದ ನಮ್ಮ ವಿನಂತಿ ಇದು: ತಂತ್ರಾಂಶ ಸಿಯಲ್ಲಿರಲಿ, ಬರವಣಿಗೆ ಎಂದೂ ಸಿಯಲ್ಲಿರದಿರಲಿ.

ಇನ್ನೊಂದು ಎಚ್ಚರಿಕೆ. ಝಡ್‌ನ ಹಲಗೆ ಹೆಬ್ಬಾಗಿಲಿಗೇ ಇರುವುದರಿಂದ, ಗೊತ್ತಿಲ್ಲದ ಕಡೆಯಿಂದ ತಂದ ವಿಂಡೋಸ್ ತಂತ್ರಾಂಶ ನಮ್ಮ ಹೋಂನ ಫೈಲುಗಳನ್ನೆಲ್ಲ ಮುಟ್ಟಬಲ್ಲದು. ಲಿನಕ್ಸ್ ಇದೆಯೆಂಬ ಧೈರ್ಯದಿಂದ ಸಿಕ್ಕಸಿಕ್ಕದ್ದನ್ನು ನಡೆಸಬಾರದು. ಝಡ್‌ನ ಹಲಗೆಯನ್ನು ತೆಗೆದರೂ ಅದು ಪೂರ್ತಿ ಕಾವಲಾಗದು. ಹಾಗೆಯೇ, ಫೈಲು ತೆರೆಯದೆಂಬ ಸಿಟ್ಟಿನಿಂದ ‘ರೂಟ್’ ಎಂಬ ಯಜಮಾನನ ಅಧಿಕಾರದಲ್ಲಿ ವೈನನ್ನು ನಡೆಸಲೇಬಾರದು; ಫೈಲುಗಳ ಹಕ್ಕು ಯಜಮಾನನ ಹೆಸರಿಗೆ ಹೋಗಿ ಮರುದಿನದಿಂದ ನಮ್ಮ ಫೈಲಿಗೆ ನಾವೇ ಹೊರಗಿನವರಾಗುತ್ತೇವೆ.

ಸಂಘಗಳು ಮಾಡಬಹುದಾದ ಕೆಲಸ

ಫೈಲು ಸಿಕ್ಕಿತೆಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷು ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಂಥವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಜ್ಜನವರ ವೃತ್ತಾಂತ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟರೆ ವಿಂಡೋಸ್, ಲಿನಕ್ಸ್, ಫೋನು ಎಲ್ಲದರಲ್ಲಿಯೂ ಓದಬಹುದು. ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಇನ್ನು ಮುಂದೆ ಬರೆಯುವುದಕ್ಕೆ ವೈನಿನ ಹಂಗೂ ಬೇಡ. ನುಡಿಯಲ್ಲಿ ಕೈ ಪಳಗಿದವರಿಗೆ ಅದೇ ಕೀಲಿಮಣೆಯ ವಿನ್ಯಾಸ ‘ಕೆಜಿಪಿ’ ಎಂಬ ಹೆಸರಿನಲ್ಲಿ ಲಿನಕ್ಸಿನಲ್ಲಿಯೇ ಇದೆ.

ಆದರೆ ಪರಿವರ್ತನೆಗೆ ಮೊದಲು ಹಳೆಯ ತಂತ್ರಾಂಶ ಒಮ್ಮೆಯಾದರೂ ತೆರೆಯಬೇಕು, ಅದು ತೆರೆಯಲು ಡಿ ಸಿಕ್ಕಬೇಕು. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ನಾಟಕ ಆಡಿಸುತ್ತವೆ, ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತವೆ. ಮೂರು ತಿಂಗಳಿಗೊಂದು ಭಾನುವಾರ ಈ ಕೆಲಸಕ್ಕೂ ಮೀಸಲಿಟ್ಟರೆ ಹೇಗೆ? ಹಿರಿಯರು ತಮ್ಮ ಹಳೆಯ ಡಿಸ್ಕು, ಪೆನ್‌ಡ್ರೈವುಗಳನ್ನು ತರಲಿ. ಕಂಪ್ಯೂಟರು ಬಲ್ಲ ತರುಣ ತರುಣಿಯರು ಮೊದಲು ನಕಲು ತೆಗೆದುಕೊಂಡು, ಅನಂತರ ಹಲಗೆ ಹಾಕಿ ಫೈಲು ತೆರೆದು, ಯೂನಿಕೋಡಿಗೆ ಬದಲಿಸಿ, ಒಂದು ಪ್ರತಿಯನ್ನು ಮನೆಯವರಿಗೂ, ಅವರು ಒಪ್ಪಿದರೆ ಇನ್ನೊಂದನ್ನು ಸಂಘದ ಕಪಾಟಿಗೂ ಕೊಡಲಿ. ಕನ್ನಡ ಓದಲು ಬಾರದ ಮೊಮ್ಮಕ್ಕಳು ಅಜ್ಜನ ಅಕ್ಷರಗಳನ್ನು ಪರದೆಯ ಮೇಲೆ ಎಬ್ಬಿಸುವಾಗ “ಇದರಲ್ಲಿ ಏನು ಬರೆದಿದೆ?” ಎಂದು ಕೇಳದೆ ಇರಲಾರರು. ಪಕ್ಕದಲ್ಲಿ ಕುಳಿತ ಅಜ್ಜ ಓದಿ ಹೇಳಲಿ. ಬರುವ ಸಂಚಿಕೆಯೊಳಗೆ ಒಂದು ಸಂಘವಾದರೂ ಇದನ್ನು ಆರಂಭಿಸಿತೆಂಬ ಸುದ್ದಿ ಈ ಪುಟಗಳಲ್ಲಿ ಅಚ್ಚಾದರೆ ನಮಗೆ ಸಂತೋಷ.